ನೀಬೋರ್ಡ್: ಹತ್ತುವ ಮೊದಲು ಕಳಚಿಕೊಳ್ಳುವುದು ಕಲಿತೆ

ಬೋಟಿನ ಹಿಂದೆ ಹಗ್ಗ ಹಿಡಿದು, ಬೋರ್ಡಿನ ಮೇಲೆ ಮಂಡಿಯೂರಿ ನೀರಿನಲ್ಲಿ ಜಾರುವ ಆಟ ನೀಬೋರ್ಡಿಂಗ್. ವಾಟರ್ ಸ್ಕೀ, ವೇಕ್‌ಬೋರ್ಡುಗಳ ಹಾಗೆ ಎದ್ದು ನಿಲ್ಲುವ ಗೋಜಿಲ್ಲ, ವೇಗವೂ ಕಡಿಮೆ ಸಾಕು. ಅದಕ್ಕೇ ಎಲ್ಲರೂ "ಅಯ್ಯೋ, ಇದು ಮಕ್ಕಳೂ ಮಾಡ್ತಾರೆ" ಎಂದೇ ಶುರು ಹಚ್ಚಿಸುತ್ತಾರೆ. ಸುಲಭ ಎನ್ನುವುದು ನಿಜ. ಆದರೆ ಒಂದು ವಿಷಯದಲ್ಲಿ ಇದು ತುಸು ಕಿತಾಪತಿಯದು. ಸ್ಕೀಯಲ್ಲಿ ಬಿದ್ದರೆ ಸಾಮಾನ್ಯವಾಗಿ ಕಾಲು ತಾನಾಗಿ ಕಳಚಿಕೊಳ್ಳುತ್ತದೆ. ನೀಬೋರ್ಡಿನಲ್ಲಿ ತೊಡೆಯ ಮೇಲೆ ಅಗಲವಾದ ಪಟ್ಟಿ ಬಿಗಿದಿರುತ್ತದೆ, ಅದನ್ನು ನಾವೇ ಕೈಯಿಂದ ಬಿಡಿಸಬೇಕು. ಬೋರ್ಡು ತೇಲುವ ವಸ್ತು. ಮಗುಚಿಕೊಂಡರೆ ಅದು ಮೇಲೆ ಬರಲು ನೋಡುತ್ತದೆ, ಜೊತೆಗೆ ನಮ್ಮ ಮಂಡಿಗಳನ್ನೂ ಎತ್ತುತ್ತದೆ, ತಲೆ ಕೆಳಗೆ ಹೋಗುತ್ತದೆ. ಲೈಫ್ ಜಾಕೆಟ್ ಇದ್ದರೂ ಮುಖ ನೀರೊಳಗೇ ಉಳಿಯಬಹುದು.

ಹಾಗಾಗಿ ನಾನು ಮೊದಲು ಕಲಿತದ್ದು ಬೋರ್ಡಿನಿಂದ ಹೊರಬರುವುದನ್ನು. ಅದಕ್ಕೆ ಬೋಟೂ ಬೇಡ, ಕೆರೆಯೂ ಬೇಡ. ಬೆಂಗಳೂರಿನಲ್ಲೇ ಆಗುತ್ತದೆ.

ಬೆಂಗಳೂರಿನ ಕೆರೆಗಳ ಮಾತು ಬಂದೇ ಬರುತ್ತದೆ, ಹೇಳಿಬಿಡುತ್ತೇನೆ. ಹಲಸೂರು ಕೆರೆಯಲ್ಲಿ ದೋಣಿವಿಹಾರ ಮಾಡಬಹುದು. ಬೋಟಿನ ಹಿಂದೆ ಎಳೆಸಿಕೊಂಡು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವುದು ಬೇರೆಯದೇ ಕಥೆ, ಅದಕ್ಕೆ ಉದ್ದುದ್ದ ಖಾಲಿ ನೀರು ಬೇಕು. ಇನ್ನು ಬೆಳ್ಳಂದೂರು ಕೆರೆ ಸಾಕಷ್ಟು ದೊಡ್ಡದೇ, ಆದರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದ ಕೆರೆ ಅದು. ಈ ಆಟದಲ್ಲಿ ಮುಖ ಅಡಿಯಾಗಿ ಬೀಳುವುದು, ಮೂಗು ಬಾಯಿಗೆ ನೀರು ನುಗ್ಗುವುದು ಮಾಮೂಲು. ಚರಂಡಿ ಸೇರುವ ನೀರಿನಲ್ಲಿ ಇಲಿಜ್ವರ, ಹೊಟ್ಟೆ ಕೆಡುವುದು ಎಲ್ಲಕ್ಕೂ ದಾರಿ ಇದೆ. ಬೇಡವೇ ಬೇಡ.

ಮನೆಯಲ್ಲಿ ಮಾಡಿದ ಮೊದಲ ತಯಾರಿ ವಜ್ರಾಸನ. ನೀಬೋರ್ಡಿನ ಮೇಲೆ ಕೂರುವ ಭಂಗಿ ಹೆಚ್ಚುಕಡಿಮೆ ಅದೇ: ಪಾದ ಹಿಂದಕ್ಕೆ ಚಾಚಿ, ಹಿಮ್ಮಡಿಯ ಮೇಲೆ ಪೃಷ್ಠ. ಇಡೀ ದಿನ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನನ್ನಂಥವರಿಗೆ ಮಂಡಿಗಿಂತ ಮೊದಲು ಪಾದದ ಕೀಲು ದೂರು ಹೇಳುತ್ತದೆ. ಊಟವಾದ ಮೇಲೆ ಟೀವಿ ಮುಂದೆ ಹಾಗೇ ಕೂತು ಅಭ್ಯಾಸ ಮಾಡಿದೆ. ನೆಲದ ಮೇಲೆ ಐದು ನಿಮಿಷ ಹಾಗೆ ಕೂರಲಾಗದವರು ಬೋಟಿನ ಹಿಂದೆ ಹೋಗಬಾರದು ಎಂದೇ ನನ್ನ ಅಭಿಪ್ರಾಯ. ಮಂಡಿಯ ಲಿಗಮೆಂಟ್ ಅಥವಾ ಬೆನ್ನಿನ ಹಳೇ ತೊಂದರೆ ಇದ್ದರಂತೂ ಡಾಕ್ಟರನ್ನು ಕೇಳಿಯೇ ಮುಂದಿನ ಮಾತು.

ಎರಡನೆಯದು ಈಜುಕೊಳ. ನಮ್ಮ ಅಪಾರ್ಟ್‌ಮೆಂಟಿನ ಕೊಳಕ್ಕೆ ಬೋರ್ಡ್ ಇಳಿಸಲು ಅಸೋಸಿಯೇಷನ್ ಅನುಮತಿ ಪಡೆಯುವುದು ಇಡೀ ಕಲಿಕೆಯಲ್ಲೇ ಕಷ್ಟದ ಘಟ್ಟ. ವಾಟ್ಸಾಪ್ ಗುಂಪಿನಲ್ಲಿ ಟೈಲ್ಸ್ ಒಡೆಯುತ್ತದೋ ಇಲ್ಲವೋ ಎಂಬ ಚರ್ಚೆ ಒಂದು ವಾರ ನಡೆಯಿತು. ಕೊನೆಗೆ ಬೆಳಗ್ಗೆ ಬೇಗ, ಈಜು ಕಲಿಸುವವರು ಪಕ್ಕದಲ್ಲಿದ್ದರೆ ಮಾತ್ರ ಎಂದು ಒಪ್ಪಿದರು. ಆ ಷರತ್ತನ್ನು ಅವರು ಹಾಕದಿದ್ದರೆ ನಾನೇ ಹಾಕಿಕೊಳ್ಳುತ್ತಿದ್ದೆ. ಇದನ್ನು ಒಬ್ಬರೇ ಮಾಡುವಂತಿಲ್ಲ.

ಎದೆಮಟ್ಟದ ನೀರಿನಲ್ಲಿ ಕೋಚ್ ಬೋರ್ಡನ್ನು ಹಿಡಿದರು. ನಾನು ಲೈಫ್ ಜಾಕೆಟ್ ಹಾಕಿಯೇ ಮಂಡಿಯೂರಿ ಪಟ್ಟಿ ಬಿಗಿದೆ, ಅವರು ಮೆಲ್ಲಗೆ ಪಕ್ಕಕ್ಕೆ ಮಗುಚಿದರು. ಎರಡು ಸಂಗತಿ ತಕ್ಷಣ ಗೊತ್ತಾದವು. ಒಂದು, ಜಾಕೆಟ್ಟಿನ ಕೆಳಅಂಚು ಪಟ್ಟಿಯ ತುದಿಯನ್ನು ಮುಚ್ಚಿಬಿಡುತ್ತದೆ. ದಡದಲ್ಲಿ ಕೂತಾಗ ಕಣ್ಣಿಗೆ ಕಾಣುವ ತುದಿ ನೀರೊಳಗೆ ಕೈಗೆ ಸಿಗುವುದೇ ಇಲ್ಲ. ಅದಕ್ಕೆ ಕೈಯನ್ನು ಸೊಂಟದಿಂದ ತೊಡೆಯ ಹೊರಬದಿಗೆ ಜಾರಿಸಿಕೊಂಡು ಹೋಗಿ ತುದಿ ಹುಡುಕುವುದನ್ನು ರೂಢಿ ಮಾಡಿಕೊಂಡೆ. ಎರಡು, ಪಟ್ಟಿಯನ್ನು ಅಂಟಿಸಿ ಹಿಡಿದಿಡುವ ವೆಲ್ಕ್ರೋವನ್ನು ಉದ್ದಕ್ಕೆ ಜಗ್ಗಿದರೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಅದರ ಬಲವೆಲ್ಲ ಆ ದಿಕ್ಕಿನಲ್ಲೇ ಇದೆ. ತುದಿಯನ್ನು ಮೇಲಕ್ಕೆತ್ತಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಬೇಕು, ಆಗ ಚರ್ ಎಂದು ಒಂದೇ ಏಟಿಗೆ ಬಿಡುತ್ತದೆ. ಗಾಬರಿಯಾದಾಗ ಕೈ ಜಗ್ಗಲು ಹೋಗುವುದೇ ಹೆಚ್ಚು. ಕಣ್ಣು ಮುಚ್ಚಿಕೊಂಡು, ಬಲಗೈಯಿಂದ, ಎಡಗೈಯಿಂದ, ಯೋಚನೆಯಿಲ್ಲದೆ ಕೈ ತಾನೇ ಅಲ್ಲಿಗೆ ಹೋಗುವವರೆಗೂ ಮಾಡಿದೆ.

ನೀರಿಗೆ ಇಳಿದದ್ದು ಊರಿಂದ ಕೆಲವು ಗಂಟೆ ದೂರದ ಹಿನ್ನೀರಿನಲ್ಲಿ, ಅನುಮತಿ ಪಡೆದು ನಡೆಸುವ ಕೇಂದ್ರವೊಂದರಲ್ಲಿ. ಹೋಗಿದ್ದು ಮಳೆಗಾಲ ಮುಗಿದ ಮೇಲೆ. ನಮ್ಮ ಜಲಾಶಯಗಳಲ್ಲಿ ಮುಳುಗಡೆಯಾದ ಮರದ ಬೊಡ್ಡೆಗಳಿರುತ್ತವೆ; ಬೇಸಿಗೆಯಲ್ಲಿ ನೀರು ಇಳಿದಾಗ ಅವು ಮೇಲ್ಮೈಗೆ ಅರ್ಧ ಅಡಿ ಕೆಳಗೆ, ಕಣ್ಣಿಗೆ ಕಾಣದಂತೆ ನಿಂತಿರುತ್ತವೆ. ಬೋಟ್ ಓಡಿಸುವವರನ್ನು ನಾನು ಮೊದಲು ಕೇಳಿದ್ದೇ ಬೊಡ್ಡೆ ಎಲ್ಲಿವೆ, ಬಲೆ ಎಲ್ಲಿ ಹಾಕಿದ್ದಾರೆ ಎಂದು. ಸಾಲಾಗಿ ತೇಲುವ ಥರ್ಮೋಕೋಲ್ ತುಂಡು, ಖಾಲಿ ಪ್ಲಾಸ್ಟಿಕ್ ಬಾಟಲಿ ಕಂಡರೆ ಅದು ಕಸ ಅಂದುಕೊಳ್ಳಬೇಡಿ, ಅದರ ಕೆಳಗೆ ಮೀನಿನ ಬಲೆ ಇದೆ. ಅವರು ಕೈ ತೋರಿಸಿ ಇಡೀ ಓಟದ ಹಾದಿಯನ್ನು ವಿವರಿಸಿದರು. ವಿವರಿಸಲಾಗದವರ ಬೋಟಿನ ಹಿಂದೆ ನಾನು ಹೋಗುವುದಿಲ್ಲ.

ಬೋಟಿನಲ್ಲಿ ಓಡಿಸುವವರಲ್ಲದೆ ಇನ್ನೊಬ್ಬರು ಹಿಂದಕ್ಕೆ ಮುಖ ಮಾಡಿ ನನ್ನನ್ನೇ ನೋಡುತ್ತಾ ಕೂರಬೇಕು. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ, ಎಲ್ಲ ಕೈಸನ್ನೆಯೇ: ಹೆಬ್ಬೆರಳು ಮೇಲೆ ಎಂದರೆ ವೇಗ, ಕೆಳಗೆ ಎಂದರೆ ನಿಧಾನ, ಕುತ್ತಿಗೆಯ ಮುಂದೆ ಅಂಗೈ ಆಡಿಸಿದರೆ ಎಂಜಿನ್ ನಿಲ್ಲಿಸಿ. ಬಿದ್ದ ಮೇಲೆ ಕೈ ಮೇಲೆತ್ತಿದರೆ ನಾನು ಚೆನ್ನಾಗಿದ್ದೇನೆ ಎಂದರ್ಥ. ಎತ್ತದಿದ್ದರೆ ಅವರು ತಕ್ಷಣ ಬರಬೇಕು. ಲೈಫ್ ಜಾಕೆಟ್ಟಿನ ಬಕಲ್‌ಗಳನ್ನೆಲ್ಲ ಹಾಕಿ, ಇನ್ನೊಬ್ಬರಿಂದ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಸಿಕೊಂಡೆ. ಅದು ಗದ್ದ ದಾಟಿ ಮೇಲೆ ಬಂದರೆ ಸಡಿಲ ಎಂದು ಲೆಕ್ಕ. ಗಾಳಿ ತುಂಬುವ ಬಗೆಯ ಜಾಕೆಟ್ ಈ ಆಟಕ್ಕಲ್ಲ.

ಮೊದಲ ಓಟಗಳಲ್ಲಿ ಪಟ್ಟಿ ಕಟ್ಟಲೇ ಇಲ್ಲ. ಬೋರ್ಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಮೊಣಕೈಗಳನ್ನು ಮಂಡಿಗೆಂದು ಇರುವ ಗುಂಡಿಗಳಲ್ಲಿ ಊರಿ, ಹಗ್ಗದ ಹಿಡಿಯನ್ನೂ ಬೋರ್ಡಿನ ಮೂತಿಯನ್ನೂ ಒಟ್ಟಿಗೆ ಹಿಡಿದುಕೊಂಡೆ. ಬೋಟ್ ಮೆಲ್ಲಗೆ ಮುಂದೆ ಹೋಗಿ ಹಗ್ಗ ಬಿಗಿಯಾಯಿತು. ಭಾರ ಮುಂದೆ ಬಿದ್ದರೆ ಮೂತಿ ನೀರಿಗೆ ಧುಮುಕುತ್ತದೆ, ಹಾಗಾಗಿ ಮೈ ಸ್ವಲ್ಪ ಹಿಂದೆ. ವೇಗ ಏರುತ್ತಾ ಬೋರ್ಡು ನೀರನ್ನು ತಳ್ಳುವುದು ಬಿಟ್ಟು ನೀರಿನ ಮೇಲಕ್ಕೆ ಬಂತು. ಅಲ್ಲಿಯವರೆಗೆ ಆಗುತ್ತಿದ್ದ ಅದುರಾಟ ನಿಂತದ್ದರಿಂದಲೇ ಅದು ಗೊತ್ತಾಗುತ್ತದೆ. ಆಮೇಲೆ ಒಂದೊಂದೇ ಮಂಡಿಯನ್ನು ಎಳೆದುಕೊಂಡು ಹಿಮ್ಮಡಿಯ ಮೇಲೆ ಕೂತೆ. ಕೂತು ನೆಲೆಯಾದ ಮೇಲೆಯೇ ಹಿಡಿಯನ್ನು ಮೂತಿಯಿಂದ ಬಿಡಿಸಿಕೊಂಡದ್ದು. ತೋಳು ನೇರ, ಹಿಡಿ ತೊಡೆಯ ಹತ್ತಿರ, ಬೆನ್ನು ತುಸು ಹಿಂದೆ, ನೋಟ ಬೋಟಿನ ಮೇಲೆ. ಹಿಡಿಯನ್ನು ಎದೆಯತ್ತ ಎಳೆದುಕೊಂಡರೆ ಹಗ್ಗ ಸಡಿಲಾಗಿ ಮತ್ತೆ ಫಟ್ಟನೆ ಬಿಗಿಯುತ್ತದೆ, ಮುಂದಕ್ಕೆ ಎಸೆಯುತ್ತದೆ.

ಈ ಹಂತಕ್ಕೆ ಗಂಟೆಗೆ 25 ಕಿ.ಮೀ. ಆಸುಪಾಸಿನ ವೇಗ ಸಾಕು, ಮಕ್ಕಳಿಗೆ ಇನ್ನೂ ಕಡಿಮೆ. 30 ದಾಟಿಸಿ ಎಂದು ಬೋಟಿನಲ್ಲಿರುವ ಗೆಳೆಯರು ಹುರಿದುಂಬಿಸುತ್ತಾರೆ. ಹೆಬ್ಬೆರಳು ನನ್ನದು, ತೀರ್ಮಾನವೂ ನನ್ನದೇ.

ಹಾಗೇ ಕೂತು ನೇರ ಹೋಗುವುದು ಸಲೀಸಾದ ಮೇಲೆ ಪಟ್ಟಿ ಹಾಕಿದೆ. ಒಂದು ಕೈಯಲ್ಲಿ ಹಿಡಿಯ ನಡುಭಾಗ, ಇನ್ನೊಂದರಲ್ಲಿ ಪಟ್ಟಿ. ಬೋರ್ಡು ಅಲುಗದಷ್ಟು ಬಿಗಿ ಸಾಕು, ಕಾಲು ಜುಮುಗುಟ್ಟುವಷ್ಟು ಬೇಡ. ಬೀಳುತ್ತೇನೆ ಅನ್ನಿಸಿದ ಕ್ಷಣವೇ ಹಗ್ಗ ಬಿಡುವುದು, ನೀರು ತಾಕಿದೊಡನೆ ಕೈ ಪಟ್ಟಿಗೆ. ಕೊಳದಲ್ಲಿ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು: ಪಕ್ಕದ ಅಂಚು ನೀರಿಗೆ ಸಿಕ್ಕಿ ಧೊಪ್ಪನೆ ಮಗುಚಿದಾಗ ಯಾವ ಕಡೆ ಮೇಲೆ ಎಂದು ತಿಳಿಯುವ ಮೊದಲೇ ಪಟ್ಟಿ ಸುಲಿದಾಗಿತ್ತು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು, ಹಿಡಿಯೊಳಗೆ ತೋಳು ತೂರಿಸುವುದು ಯಾವತ್ತೂ ಇಲ್ಲ. ನನ್ನನ್ನು ಹತ್ತಿಸಿಕೊಳ್ಳುವಾಗ ಎಂಜಿನ್ ಪೂರ್ತಿ ಬಂದ್ ಆಗಬೇಕು. ನ್ಯೂಟ್ರಲ್ ಸಾಲದು.

ಕೇಂದ್ರದ ಬೋರ್ಡನ್ನೇ ಬಳಸುವವರು ದಡದಲ್ಲೇ ವೆಲ್ಕ್ರೋ ನೋಡಿಕೊಳ್ಳಿ. ಮರಳು, ಪಾಚಿಯ ಎಳೆ ಸೇರಿಕೊಂಡ ಪಟ್ಟಿ ಸರಿಯಾಗಿ ಹಿಡಿಯುವುದಿಲ್ಲ. ಹೋಗುವಾಗ ಒಂದು ಹಳೇ ಟೂತ್‌ಬ್ರಷ್ ಇಟ್ಟುಕೊಂಡಿರುತ್ತೇನೆ, ಉಜ್ಜಿ ತೊಳೆದು, ಕಟ್ಟಿ, ಒಮ್ಮೆ ಸುಲಿದು ನೋಡಿಯೇ ನೀರಿಗೆ ಇಳಿಯುವುದು.