ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕೆಂದಿದ್ದೀರಾ?

ರಕ್ತ ಕೊಡಲು ಬಂದವರನ್ನು ವಾಪಸ್ ಕಳಿಸಲು ಹೆಚ್ಚಾಗಿ ಕಾರಣವಾಗುವುದು ಹಿಮೋಗ್ಲೋಬಿನ್. 100 ಮಿಲಿ ರಕ್ತದಲ್ಲಿ ಅದು 12.5 ಗ್ರಾಂಗಿಂತ ಕಮ್ಮಿ ಇದ್ದರೆ ತೆಗೆದುಕೊಳ್ಳುವುದಿಲ್ಲ. ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು, 450 ಮಿಲಿ ಕೊಡುವುದಾದರೆ 55 ಕೆ.ಜಿ.ಗಿಂತ ಹೆಚ್ಚು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ.

ಈ ಕಾಯುವ ದಿನಗಳೇ ಮುಖ್ಯ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಆದರೆ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣಾಂಶವೂ ಹೋಗಿರುತ್ತದೆ, ಅದು ಬೇಗ ಕೂಡುವುದಿಲ್ಲ. ಹರಿವೆ ಸೊಪ್ಪು, ಹುರುಳಿಕಾಳು ತಿನ್ನಿ, ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಮಾಂಸ ತಿನ್ನುವವರಿಗೆ ಕುರಿಯ ಈಲಿ ಒಳ್ಳೆಯದು. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮುಟ್ಟಿನ ರಕ್ತಸ್ರಾವ ಹೆಚ್ಚಿರುವವರು 120 ದಿನ ಆಯಿತೆಂದು ಅವಸರ ಪಡುವುದು ಬೇಡ.

ಖಾಲಿ ಹೊಟ್ಟೆಯಲ್ಲಿ ಹೋಗಲೇಬೇಡಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಹೋಗುವುದೂ ಸರಿಯಲ್ಲ. ತಿಂಡಿ ತಿಂದು, ಸೂಜಿ ಚುಚ್ಚುವ ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ. ಫಾರಂನಲ್ಲಿ ಏನನ್ನೂ ಮುಚ್ಚಿಡಬೇಡಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದೇ ಹೋಗಬಹುದು, ಪಡೆದವರ ಜೀವಕ್ಕೇ ಕುತ್ತು. ಎಚ್‌ಐವಿ ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷಿಸುತ್ತಾರೆ. ಅದಕ್ಕೆಂದು ರಕ್ತ ಕೊಡಬೇಡಿ.

ಸೂಜಿ ತೆಗೆದ ಕೂಡಲೇ ಬಹಳ ಜನ ಹತ್ತಿ ಇಟ್ಟುಕೊಂಡು ಮೊಣಕೈ ಮಡಚುತ್ತಾರೆ. ಹಾಗೆ ಮಾಡಿದರೆ ಒಳಗೇ ರಕ್ತ ಸೋರಿ, ಮರುದಿನಕ್ಕೆ ತೋಳು ನೀಲಿಗಟ್ಟಿರುತ್ತದೆ. ಕೈ ನೇರ ಚಾಚಿ, ಇನ್ನೊಂದು ಕೈಯ ಬೆರಳಿಂದ ಐದು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ತಲೆಸುತ್ತು ಕೆಲವರಿಗೆ ಎದ್ದು ನಡೆದ ಮೇಲೆ ಬರುತ್ತದೆ, ಆದ್ದರಿಂದ ಜ್ಯೂಸ್ ಕುಡಿದು ಕಾಲು ಗಂಟೆ ಅಲ್ಲೇ ಕೂತಿದ್ದು ಆಮೇಲೆ ಬೈಕ್ ಹತ್ತಿ. ಸುತ್ತು ಬಂದರೆ ಅಲ್ಲೇ ಮಲಗಿ ಕಾಲು ಎತ್ತರಿಸಿ. ಅವತ್ತು ಆ ಕೈಯಲ್ಲಿ ಭಾರ ಎತ್ತಬೇಡಿ.

ಯಾವಾಗ ಕೊಡಬೇಕು ಎಂಬುದನ್ನೂ ಯೋಚಿಸಿ. ಕೆಂಪು ರಕ್ತಕಣವನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ಅಲ್ಲಿ ಶಿಬಿರಗಳೂ ಇರುವುದಿಲ್ಲ. ಆದರೆ ತೀವ್ರ ಥಲಸ್ಸೀಮಿಯಾ (ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ) ಇರುವ ಮಕ್ಕಳಿಗೆ ಆಗಲೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ನಿಮ್ಮ ಒಂದು ಸರದಿ ಬೇಸಿಗೆಗೆ ಬರುವ ಹಾಗೆ ದಿನ ಎಣಿಸಿಟ್ಟುಕೊಳ್ಳಿ. ಹೋಗುವ ಮುಂಚೆ ರಕ್ತನಿಧಿಗೆ ಫೋನ್ ಮಾಡಿ, ನಿಮ್ಮ ಗುಂಪು ಬೇಕಿದೆಯೇ ಎಂದು ಕೇಳಿ.