ಜಿಡ್ಡು ಚರ್ಮ, ಮೊಡವೆ ಮುಖ: ಫೇಸ್‌ವಾಶ್ ಆರಿಸುವುದು ಹೇಗೆ?

ಮುಖ ತೊಳೆದು ಒರೆಸಿಕೊಂಡ ಮೇಲೆ ಚರ್ಮ ಎಳೆದು ಹಿಡಿದ ಹಾಗೆ ಬಿಗಿಯಾದರೆ ‘ಈಗ ಕ್ಲೀನ್ ಆಯ್ತು’ ಎಂದುಕೊಳ್ಳುವವರೇ ಜಾಸ್ತಿ. ಜಿಡ್ಡು ಮುಖದವರಂತೂ ಆ ಬಿಗಿತ ಬರುವ ತನಕ ತಿಕ್ಕುತ್ತಾರೆ. ಕೆಲವು ಗಂಟೆ ಕಳೆಯುವಷ್ಟರಲ್ಲಿ ಹಣೆ, ಮೂಗು ಮತ್ತೆ ಹೊಳೆಯುತ್ತವೆ. ಆಗ ಇನ್ನೂ ಸ್ಟ್ರಾಂಗ್ ಆದ ಫೇಸ್‌ವಾಶ್ ತರುತ್ತಾರೆ. ಮೊಡವೆ ಹೋಗುವುದಿಲ್ಲ, ಜೊತೆಗೆ ಉರಿ, ಕೆಂಪು, ಸಿಪ್ಪೆ ಸೇರಿಕೊಳ್ಳುತ್ತವೆ. ಹೀಗೆ ಸುತ್ತುತ್ತಿರುವವರು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಬೇಕು. ಚರ್ಮ ಬಿಗಿಯಾಯಿತೆಂದರೆ ತನ್ನನ್ನು ಕಾಯುವ ಕೊಬ್ಬನ್ನೂ ಕಳೆದುಕೊಂಡಿದೆ ಎಂದರ್ಥ. ಮೊಡವೆ ಏಳುವ ಮುಖಕ್ಕೆ ಬೇಕಿರುವುದು ಮೆದುವಾದ ಫೇಸ್‌ವಾಶ್.

ಫೇಸ್‌ವಾಶ್‌ನಿಂದ ಆಗುವುದೇನು, ಆಗದಿರುವುದೇನು

ಮುಖದ ಜಿಡ್ಡಿಗೆ ಸೀಬಮ್ ಎಂದು ಹೆಸರು. ಕೂದಲಿನ ಬುಡದಲ್ಲಿರುವ ಪುಟ್ಟ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಎಷ್ಟು ತಯಾರಾಗಬೇಕು ಎಂಬುದನ್ನು ಮುಖ್ಯವಾಗಿ ಆಂಡ್ರೋಜನ್ ಹಾರ್ಮೋನುಗಳು ನಿರ್ಧರಿಸುತ್ತವೆ. ಹದಿಹರೆಯದಲ್ಲಿ ಜಿಡ್ಡು ಏರುವುದು ಅದಕ್ಕೇ. ಮೇಲಿನಿಂದ ಎಷ್ಟು ತೊಳೆದರೂ ಗ್ರಂಥಿಯ ಕೆಲಸ ನಿಲ್ಲುವುದಿಲ್ಲ. ಫೇಸ್‌ವಾಶ್ ತೆಗೆಯುವುದು ಆಗಲೇ ಹೊರಗೆ ಬಂದ ಜಿಡ್ಡನ್ನು ಮಾತ್ರ.

ಮೊಡವೆಗೆ ಕಾರಣ ಒಂದಲ್ಲ, ನಾಲ್ಕು. ಜಿಡ್ಡು ಹೆಚ್ಚುತ್ತದೆ. ಸತ್ತ ಚರ್ಮಕೋಶಗಳು ಅಂಟಿಕೊಂಡು ರಂಧ್ರದ ಬಾಯಿ ಮುಚ್ಚುತ್ತವೆ. ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದಕ್ಕೆಲ್ಲ ದೇಹ ಪ್ರತಿಕ್ರಿಯಿಸಿದಾಗ ಊತ, ಕೆಂಪು, ಕೀವು. ಈ ಪಟ್ಟಿಯಲ್ಲಿ ‘ಕೊಳೆ’ ಇಲ್ಲ ಎಂಬುದನ್ನು ಗಮನಿಸಿ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ತೆರೆದ ರಂಧ್ರದಲ್ಲಿರುವ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ಪದಾರ್ಥ) ಮತ್ತು ಗಾಳಿ ತಾಗಿ ಬದಲಾದ ಕೊಬ್ಬು ಹಾಗೆ ಕಾಣುತ್ತವೆ, ಅಷ್ಟೇ. ಮೊಡವೆ ಇರುವ ಮಕ್ಕಳಿಗೆ ‘ಸರಿಯಾಗಿ ಮುಖ ತೊಳೆಯಲ್ಲ’ ಎಂದು ಬೈಯುವುದನ್ನು ಮನೆಯವರು ಇವತ್ತೇ ಬಿಡಬೇಕು. ಆ ಮಾತಿನಿಂದ ಮಕ್ಕಳು ದಿನಕ್ಕೆ ಐದಾರು ಸಲ ಮುಖ ಉಜ್ಜಿಕೊಳ್ಳುತ್ತಾರೆ, ತೊಂದರೆ ಹೆಚ್ಚಾಗುತ್ತದೆ.

ನಿಮ್ಮ ಚರ್ಮ ನಿಜವಾಗಿ ಎಂಥದ್ದು?

ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮೆದುವಾದ ಯಾವುದಾದರೂ ಫೇಸ್‌ವಾಶ್‌ನಿಂದ ಮುಖ ತೊಳೆದು, ಒತ್ತಿ ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಸುಮ್ಮನಿರಿ. ಆಮೇಲೆ ಹಣೆ, ಮೂಗು, ಕೆನ್ನೆಗೆ ಬೇರೆ ಬೇರೆ ಟಿಶ್ಯೂ ಒತ್ತಿ ನೋಡಿ. ಎಲ್ಲದರಲ್ಲೂ ಜಿಡ್ಡಿನ ಗುರುತು ಬಂದರೆ ಎಣ್ಣೆ ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಬಂದು ಕೆನ್ನೆ ಒಣಗಿದ್ದರೆ ಮಿಶ್ರ ಚರ್ಮ. ಮುಖ ಹೊಳೆಯುತ್ತಿದ್ದರೂ ಉರಿ, ಬಿಗಿತ, ಮೂಗಿನ ಪಕ್ಕ ಸಿಪ್ಪೆ ಇದ್ದರೆ ನಿಮ್ಮದು ಜಿಡ್ಡಿನ ಜೊತೆಗೇ ಕೆರಳಿರುವ ಚರ್ಮ. ಇಂಥವರು ಒಂದೆರಡು ವಾರ ಔಷಧಿ ಬೆರೆಸಿದ ಫೇಸ್‌ವಾಶ್ ಎಲ್ಲ ಬದಿಗಿಟ್ಟು, ವಾಸನೆಯಿಲ್ಲದ ಸಾದಾ ಫೇಸ್‌ವಾಶ್ ಒಂದನ್ನೇ ಬಳಸುವುದು ಒಳ್ಳೆಯದು. ಮೊದಲು ಚರ್ಮ ಸುಧಾರಿಸಿಕೊಳ್ಳಲಿ.

ಇನ್ನೊಂದು ವಿಷಯ. ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ತುರಿಸುತ್ತಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಮಲಸೀಜಿಯಾ ಎಂಬ ಯೀಸ್ಟ್‌ನಿಂದ ಕೂದಲಿನ ಬುಡ ಊದಿಕೊಂಡಾಗಲೂ ಹೀಗೇ ಕಾಣುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ. ಮೊಡವೆ ಫೇಸ್‌ವಾಶ್ ಬದಲಾಯಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಈಗ ಹಚ್ಚುತ್ತಿರುವುದೇನು?

ಮೊಡವೆಗೆಂದು ಅಡಾಪಲೀನ್ ಅಥವಾ ಟ್ರೆಟಿನೋಯಿನ್ ಕ್ರೀಮ್ ಹಚ್ಚುತ್ತಿದ್ದೀರಾ? ಐಸೋಟ್ರೆಟಿನೋಯಿನ್ ಮಾತ್ರೆ ನುಂಗುತ್ತಿದ್ದೀರಾ? ಹಾಗಾದರೆ ಸ್ಟ್ರಾಂಗ್ ಫೇಸ್‌ವಾಶ್ ವಿಚಾರವೇ ಬೇಡ. ಈ ಔಷಧಿಗಳು ಚರ್ಮವನ್ನು ಮೊದಲೇ ಒಣಗಿಸುತ್ತವೆ. ಚಿಕಿತ್ಸೆಯ ಕೆಲಸ ಅವು ಮಾಡುತ್ತವೆ, ತೊಳೆಯುವ ಕೆಲಸಕ್ಕೆ ಸಾದಾ ಫೇಸ್‌ವಾಶ್ ಸಾಕು. ಎಷ್ಟೋ ಜನ ಒಳ್ಳೆಯ ಔಷಧಿಯನ್ನು ‘ನನಗೆ ಆಗಿಬರಲಿಲ್ಲ’ ಎಂದು ಅರ್ಧಕ್ಕೆ ಬಿಡುತ್ತಾರೆ. ಉರಿ ಬಂದದ್ದು ಔಷಧಿಯೊಂದರಿಂದಲೇ ಅಲ್ಲ, ಜೊತೆಗೆ ಬಳಸಿದ ಫೇಸ್‌ವಾಶ್‌ನಿಂದಲೂ ಇರಬಹುದು.

ಟ್ಯೂಬು ತಿರುಗಿಸಿ, ಹಿಂಬದಿ ಓದಿ

ಆಯ್ಕೆಯ ಮುಖ್ಯ ಕೆಲಸ ಇದು. ಸಾಮಗ್ರಿಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂಬದಿಯಲ್ಲಿ ದೊಡ್ಡ ಚಿತ್ರ ಹಾಕಿಸಿಕೊಂಡ ಗಿಡಮೂಲಿಕೆ ಹಿಂಬದಿಯ ಪಟ್ಟಿಯ ತೀರಾ ಕೊನೆಯಲ್ಲಿದ್ದರೆ ಅದಕ್ಕೆಷ್ಟು ಬೆಲೆ ಕೊಡಬೇಕು ನೀವೇ ಹೇಳಿ.

ಮೊದಲು ಬರುವುದು ಸಾಮಾನ್ಯವಾಗಿ ನೀರು. ಅದರ ನಂತರದ ನಾಲ್ಕೈದು ಹೆಸರುಗಳಲ್ಲಿ ತೊಳೆಯುವ ಪದಾರ್ಥ, ಅಂದರೆ ಸರ್ಫ್ಯಾಕ್ಟಂಟ್ ಇರುತ್ತದೆ. ಜಿಡ್ಡನ್ನು ಹಿಡಿದು ನೀರಿನ ಜೊತೆ ಸಾಗಿಸುವುದು ಇದೇ. ಫೇಸ್‌ವಾಶ್ ಮೆದುವೋ ಗಡಸೋ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಕೋಕಮಿಡೋಪ್ರೊಪೈಲ್ ಬೀಟೈನ್, ಸೋಡಿಯಂ ಕೋಕೋಯಿಲ್ ಐಸೆಥಿಯೋನೇಟ್, ಡೆಸೈಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಇವು ಮೆದು ಗುಂಪಿನವು. ಸೋಡಿಯಂ ಲಾರಿಲ್ ಸಲ್ಫೇಟ್ ಗಡಸು. ಚರ್ಮ ಹೇಗೆ ಕೆರಳುತ್ತದೆ ಎಂದು ತಿಳಿಯುವ ಪ್ರಯೋಗಗಳಲ್ಲಿ ಬೇಕೆಂದೇ ಕೆರಳಿಸಲು ಬಳಸುವ ಪದಾರ್ಥ ಅದು. ಹೆಸರಿನಲ್ಲಿ ಅದರ ತಮ್ಮನಂತಿರುವ ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಮೆದು. ಬೀಟೈನ್ ಜೊತೆ ಬೆರೆಸಿದಾಗ ತುಂಬಾ ಜನರ ಎಣ್ಣೆ ಚರ್ಮಕ್ಕೆ ತೊಂದರೆ ಕೊಡುವುದಿಲ್ಲ. ಹಾಗಾಗಿ ‘ಸಲ್ಫೇಟ್’ ಎಂಬ ಪದ ಕಂಡ ಕೂಡಲೇ ಟ್ಯೂಬು ಕೆಳಗಿಡಬೇಕಿಲ್ಲ. ನೊರೆ ಜಾಸ್ತಿ ಬಂದರೆ ಚೆನ್ನಾಗಿ ತೊಳೆಯುತ್ತದೆ ಎಂಬ ನಂಬಿಕೆಯನ್ನಂತೂ ಬಿಟ್ಟುಬಿಡಿ.

ಇನ್ನು ಪಿಎಚ್, ಅಂದರೆ ಆಮ್ಲೀಯವೋ ಕ್ಷಾರೀಯವೋ ಎಂದು ಹೇಳುವ ಅಳತೆ. 7ಕ್ಕಿಂತ ಕಡಿಮೆ ಇದ್ದರೆ ಆಮ್ಲೀಯ, ಜಾಸ್ತಿ ಇದ್ದರೆ ಕ್ಷಾರೀಯ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಸುಮಾರು 5ರ ಆಸುಪಾಸು. ಮಾಮೂಲಿ ಸ್ನಾನದ ಸೋಪಿನದು 9ರಿಂದ 10. ಪಿಎಚ್ ಒಂದು ಅಂಕ ಏರಿದರೆ ಹತ್ತು ಪಟ್ಟು ವ್ಯತ್ಯಾಸ ಎಂದು ಲೆಕ್ಕ, ಹಾಗಾಗಿ ಈ ಅಂತರ ಸಣ್ಣದಲ್ಲ. ಗಡಸು ನೀರಿನಲ್ಲಿ ಸೋಪು ಸುಣ್ಣದಂಶದ ಜೊತೆ ಸೇರಿ ಅಂಟು ಪದರ ಬಿಡುತ್ತದೆ. ಅದು ಬಕೆಟ್ಟಿಗೂ ಅಂಟುತ್ತದೆ, ಮುಖಕ್ಕೂ ಅಂಟುತ್ತದೆ. ಮೈಗೆ ಹಚ್ಚುವ ಸೋಪನ್ನು ಮುಖಕ್ಕೆ ಬೇಡ ಎನ್ನುವುದು ಇದಕ್ಕೇ. ಬಾರ್ ರೂಪದಲ್ಲೇ ಬೇಕೆನ್ನುವವರು ಸಿಂಡೆಟ್ ಬಾರ್ ಕೇಳಿ ತೆಗೆದುಕೊಳ್ಳಿ. ನೋಡಲು ಸೋಪಿನ ಹಾಗೇ ಇರುತ್ತದೆ, ಆದರೆ ಒಳಗಿರುವುದು ಮೆದು ಸರ್ಫ್ಯಾಕ್ಟಂಟ್.

ಪಟ್ಟಿಯಲ್ಲಿ ಗ್ಲಿಸರಿನ್ ಕಂಡರೆ ಒಳ್ಳೆಯದೇ. ಅದು ಹೆಸರಿನಲ್ಲಿ ಎಣ್ಣೆಯಂತೆ ಕೇಳಿಸಿದರೂ ಜಿಡ್ಡು ಹೆಚ್ಚಿಸುವುದಿಲ್ಲ, ನೀರಿನಂಶ ಹಿಡಿದಿಡುತ್ತದೆ. ಸುವಾಸನೆ, ಮೆಂಥಾಲ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಮೆಂಥಾಲ್ ಕೊಡುವ ತಣ್ಣನೆಯ ಚುರುಚುರು ಮೊಡವೆಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಸ್ಯಾಲಿಸಿಲಿಕ್ ಆಸಿಡ್ಡೋ, ಬೆನ್ಝಾಯಿಲ್ ಪೆರಾಕ್ಸೈಡೋ?

ಚರ್ಮ ಕೆರಳಿಲ್ಲ, ಬೇರೆ ಔಷಧಿ ಇಲ್ಲ ಎಂದಾದರೆ ಈ ಎರಡರಲ್ಲಿ ಒಂದಿರುವ ಫೇಸ್‌ವಾಶ್ ನೋಡಬಹುದು. ಎರಡರ ಕೆಲಸ ಬೇರೆ ಬೇರೆ.

ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಕೈಗೆ ತರಿತರಿ ಎನಿಸುವ ಸಣ್ಣ ಗುಳ್ಳೆಗಳೇ ಜಾಸ್ತಿ ಇದ್ದರೆ ಸ್ಯಾಲಿಸಿಲಿಕ್ ಆಸಿಡ್. ಇದು ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಕ್ಕೂ ಇಳಿದು ಅಂಟಿಕೊಂಡ ಸತ್ತ ಕೋಶಗಳನ್ನು ಸಡಿಲ ಮಾಡುತ್ತದೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವವುಗಳಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 2 ಇರುತ್ತದೆ. ಆಸ್ಪಿರಿನ್ ಅಲರ್ಜಿ ಇರುವವರು ಇದನ್ನು ಮುಟ್ಟಬೇಡಿ, ಎರಡೂ ಒಂದೇ ಕುಟುಂಬದವು.

ಕೆಂಪಗೆ ಊದಿದ, ಕೀವು ತುಂಬಿದ ಮೊಡವೆಗಳು ಮುಖ್ಯ ತೊಂದರೆಯಾದರೆ ಬೆನ್ಝಾಯಿಲ್ ಪೆರಾಕ್ಸೈಡ್. ಇದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಂಟಿಬಯಾಟಿಕ್‌ಗೆ ಬಗ್ಗದಂತಾಗುವ ಬ್ಯಾಕ್ಟೀರಿಯಾ ಇದಕ್ಕೆ ಹಾಗೆ ಒಗ್ಗಿಕೊಳ್ಳುವುದಿಲ್ಲ. ಕ್ಲಿಂಡಮೈಸಿನ್‌ನಂಥ ಆಂಟಿಬಯಾಟಿಕ್ ಕೊಡುವಾಗ ಡಾಕ್ಟರುಗಳು ಇದನ್ನೂ ಜೊತೆಗೆ ಬರೆಯುವುದು ಆ ಕಾರಣಕ್ಕೆ. ಶೇಕಡಾ 2.5ರಿಂದ 10ರ ತನಕ ಸಿಗುತ್ತದೆ. 10 ಇದ್ದದ್ದೇ ಬೇಗ ವಾಸಿ ಮಾಡುತ್ತದೆ ಎಂದು ಹೋಗಬೇಡಿ. ಕಡಿಮೆ ಪ್ರಮಾಣದ್ದೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಹಚ್ಚಿದ ಕೂಡಲೇ ತೊಳೆಯದೆ ಒಂದೆರಡು ನಿಮಿಷ ಬಿಡಿ. ಬಟ್ಟೆಯ ಬಣ್ಣ ತಿನ್ನುವುದು ಇದರ ಕೆಟ್ಟ ಗುಣ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಬಳಸಿ. ಟ್ಯೂಬನ್ನು ಬಿಸಿಲಿಗೆ, ಬಿಸಿಯಾಗುವ ವಾಹನದೊಳಗೆ ಇಡಬೇಡಿ.

ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದನ್ನು ಆರಿಸಿ, ದಿನ ಬಿಟ್ಟು ದಿನ ಬಳಸಿ, ಮುಖ ಒಪ್ಪಿಕೊಂಡ ಮೇಲೆ ದಿನಾ ಬಳಸಿ. ಗರ್ಭಿಣಿಯರು, ಹಾಲುಣಿಸುವವರು ಕೊಳ್ಳುವ ಮೊದಲು ಡಾಕ್ಟರನ್ನು ಕೇಳುವುದು ಸರಿ. ಟೀ ಟ್ರೀ ಎಣ್ಣೆ ಇರುವವೂ ಸಿಗುತ್ತವೆ, ಆದರೆ ಅದು ಕೆಲವರಿಗೆ ಅಲರ್ಜಿ ತರುತ್ತದೆ. ಇದ್ದಿಲು, ಜೇಡಿಮಣ್ಣು ಬೆರೆಸಿದವು ಸ್ವಲ್ಪ ಹೊತ್ತು ಹೊಳಪು ಕಡಿಮೆ ಮಾಡಿಯಾವು, ಮೊಡವೆಗೆ ಅವುಗಳಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ.

ಮುಂಬದಿಯ ಮಾತುಗಳು

‘ನಾನ್ ಕಾಮೆಡೋಜೆನಿಕ್’ ಎಂದರೆ ರಂಧ್ರ ಮುಚ್ಚುವುದಿಲ್ಲ ಎಂದು ಕಂಪನಿ ಹೇಳಿಕೊಳ್ಳುವುದು. ಎಲ್ಲರೂ ಒಪ್ಪಿದ ಒಂದೇ ಪರೀಕ್ಷೆ ಅದಕ್ಕಿಲ್ಲ. ಯಾವ ಪದಾರ್ಥ ರಂಧ್ರ ಮುಚ್ಚುತ್ತದೆ ಎಂಬ ಹಳೆಯ ಪಟ್ಟಿಗಳು ಹೆಚ್ಚಾಗಿ ಮೊಲದ ಕಿವಿಯ ಮೇಲೆ ಮಾಡಿದ ಪ್ರಯೋಗಗಳಿಂದ ಬಂದವು. ಮನುಷ್ಯರ ಮುಖಕ್ಕೆ ಅವು ನೇರವಾಗಿ ಹೊಂದುವುದಿಲ್ಲ. ಹಾಗೆಂದು ಆ ಮಾತು ಇದ್ದರೆ ಕೆಟ್ಟದ್ದೇನಲ್ಲ, ಇದೆ ಎಂದು ನಂಬಿ ಕೂರಬೇಡಿ. ‘ನ್ಯಾಚುರಲ್’ ಎಂಬುದೂ ಹೀಗೆಯೇ.

ಕಾಳುಕಾಳಾದ ಸ್ಕ್ರಬ್ ಮಾತ್ರ ಖಂಡಿತಾ ಬೇಡ. ಊದಿದ ಮೊಡವೆಯ ಮೇಲೆ ಒರಟು ಕಣ ಉಜ್ಜಿದರೆ ಗಾಯ, ಗಾಯದ ಹಿಂದೆ ಕಲೆ. ಕಂದು, ಕಪ್ಪು ಬಣ್ಣದ ಚರ್ಮದಲ್ಲಿ ಮೊಡವೆ ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಎಷ್ಟೋ ಜನರನ್ನು ಮೊಡವೆಗಿಂತ ಜಾಸ್ತಿ ಕಾಡುವುದು ಆ ಕಲೆಯೇ ಅಲ್ವಾ?

ತಂದ ಮೇಲೆ

ಚಿಕ್ಕ ಟ್ಯೂಬು ತನ್ನಿ. ಮೊದಲ ಕೆಲವು ದಿನ ದವಡೆಯ ಒಂದು ಬದಿಗೆ ಮಾತ್ರ ಹಚ್ಚಿ ತೊಳೆಯಿರಿ. ತುರಿಕೆ, ದದ್ದು, ಊತ ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಇಡೀ ಮುಖಕ್ಕೆ ಬಳಸಿ. ತೊಳೆದು ಹದಿನೈದು ನಿಮಿಷದ ನಂತರ ಮುಖ ಹೇಗಿದೆ ನೋಡಿಕೊಳ್ಳಿ. ಏನೂ ಅನಿಸದಿದ್ದರೆ ಸರಿಯಾದ ಫೇಸ್‌ವಾಶ್ ಸಿಕ್ಕಿದೆ. ನಕ್ಕರೆ ಕೆನ್ನೆ ಎಳೆದ ಹಾಗಾಗುತ್ತಿದ್ದರೆ ಅದು ನಿಮಗಲ್ಲ.

ದಿನಕ್ಕೆ ಎರಡು ಸಲ, ಜೊತೆಗೆ ತುಂಬಾ ಬೆವರಿದಾಗ ಒಮ್ಮೆ. ಅದಕ್ಕಿಂತ ಜಾಸ್ತಿ ಬೇಡ. ಉಗುರುಬೆಚ್ಚಗಿನ ನೀರು, ಬೆರಳ ತುದಿ, ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಕೂದಲಿನ ಅಂಚು, ದವಡೆಯ ಕೆಳಗೆ ನೊರೆ ಉಳಿಯದಂತೆ ತೊಳೆದು, ಟವೆಲಿನಿಂದ ಒತ್ತಿ ಒರೆಸಿ. ಮೇಕಪ್ ಅಥವಾ ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಹಚ್ಚಿದ್ದರೆ ಮೊದಲು ಮೈಸೆಲಾರ್ ವಾಟರ್‌ನಿಂದ (ಹತ್ತಿಯಲ್ಲಿ ಅದ್ದಿ ಮೇಕಪ್ ಒರೆಸುವ ದ್ರವ) ಅದನ್ನು ತೆಗೆದು ಆಮೇಲೆ ಫೇಸ್‌ವಾಶ್ ಬಳಸಿ. ಒಂದೇ ಫೇಸ್‌ವಾಶ್‌ನಿಂದ ಎಲ್ಲವನ್ನೂ ಉಜ್ಜಿ ತೆಗೆಯಲು ಹೋದರೆ ಚರ್ಮಕ್ಕೆ ಪೆಟ್ಟು. ಎಣ್ಣೆ ಚರ್ಮಕ್ಕೂ ತೆಳು ಮಾಯಿಶ್ಚರೈಸರ್ ಬೇಕು, ಹಗಲಿನಲ್ಲಿ ಸನ್‌ಸ್ಕ್ರೀನ್ ಬೇಕು. ಬಿಸಿಲು ಕಲೆಯನ್ನು ಇನ್ನಷ್ಟು ಕಪ್ಪಾಗಿಸುತ್ತದೆ.

ಆಮೇಲೆ ತಾಳ್ಮೆ. ಇಂದು ಕಾಣುವ ಮೊಡವೆ ಚರ್ಮದೊಳಗೆ ವಾರಗಟ್ಟಲೆ ಹಿಂದೆಯೇ ಶುರುವಾಗಿರುತ್ತದೆ. ಹಾಗಾಗಿ ಉರಿ, ಅಲರ್ಜಿ ಇಲ್ಲದಿದ್ದರೆ ಕನಿಷ್ಠ 6ರಿಂದ 8 ವಾರ ಒಂದನ್ನೇ ಬಳಸಿ ನೋಡಿ. ವಾರಕ್ಕೊಂದು ಹೊಸ ಟ್ಯೂಬು ತಂದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಗೊತ್ತೇ ಆಗುವುದಿಲ್ಲ.

ಅಷ್ಟು ಬಳಸಿಯೂ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮುಟ್ಟಿದರೆ ನೋಯುವ ಆಳದ ಗಂಟುಗಳು, ಕುಳಿ ಬೀಳುವ ಮೊಡವೆ ಇದ್ದರೆ ಕಾಯುವುದೇ ಬೇಡ, ಈಗಲೇ ಹೋಗಿ. ಮೊಡವೆಯ ಜೊತೆ ಮುಟ್ಟು ಏರುಪೇರಾಗುತ್ತಿದ್ದರೆ, ಗಲ್ಲದ ಮೇಲೆ ಒರಟು ಕೂದಲು ಬೆಳೆಯುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಪಿಸಿಒಎಸ್‌ನಂಥ ಹಾರ್ಮೋನ್ ತೊಂದರೆ ಇರಬಹುದು. ಮುಖಕ್ಕೆ ಹಚ್ಚುತ್ತಿರುವ ಎಲ್ಲ ಟ್ಯೂಬುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಅವುಗಳಲ್ಲಿ ಸ್ಟೆರಾಯ್ಡ್ ಇರುವ ಕ್ರೀಮ್ ಇದ್ದರೆ ಮೊಡವೆಗೆ ಅದೇ ಕಾರಣವಾಗಿರಬಹುದು. ತುಂಬಾ ದಿನದಿಂದ ಹಚ್ಚುತ್ತಿರುವ ಅಂಥ ಕ್ರೀಮನ್ನು ಹೇಗೆ ಬಿಡಬೇಕೆಂದು ಡಾಕ್ಟರೇ ಹೇಳಬೇಕು.