ನೀಲ್ ದ್ವೀಪದ ಕಲ್ಲುಸೇತುವೆ: ಇಳಿತದ ಹೊತ್ತು ನೋಡಿ ಹೋದದ್ದು

ಅಂಡಮಾನಿಗೆ ಹೋಗುವವರು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್ ನೋಡುತ್ತಾರೆ, ಆಮೇಲೆ ಹೋಟೆಲ್, ಆಮೇಲೆ ಫೆರ್ರಿ. ನಾನು ಮೊದಲು ನೋಡಿದ್ದು ಅಮಾವಾಸ್ಯೆ ಯಾವಾಗ ಎಂದು. ನೀಲ್ ದ್ವೀಪದ ಲಕ್ಷ್ಮಣಪುರ ತೀರದಲ್ಲಿ ಸಮುದ್ರವೇ ಕೊರೆದ ಕಲ್ಲಿನ ಕಮಾನೊಂದಿದೆ. ಅದನ್ನು ನೋಡುವುದೇ ನನ್ನ ಪ್ರವಾಸದ ಮುಖ್ಯ ಉದ್ದೇಶ. ನೀರು ತುಂಬಿದ ಹೊತ್ತಿನಲ್ಲಿ ಅದನ್ನು ದೂರದಿಂದ ನೋಡಿ ಫೋಟೊ ತೆಗೆದುಕೊಂಡು ಬರಬಹುದು, ಅಷ್ಟೇ. ಅದರ ಬುಡದವರೆಗೆ ನಡೆದು ಹೋಗಬೇಕಾದರೆ ಸಮುದ್ರ ಹಿಂದೆ ಸರಿದಿರಬೇಕು. ಹಾಗಾಗಿ ಉಳಿದೆಲ್ಲ ಏರ್ಪಾಟು ಇಳಿತದ ಹೊತ್ತಿಗೆ ಹೊಂದಿಕೊಂಡು ಬಂತು.

ಲೆಕ್ಕ ಕಷ್ಟದ್ದಲ್ಲ. ಅಂಡಮಾನಿನಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಇಳಿತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಅಂದರೆ ಪ್ರತಿದಿನವೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟಾಗುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಎರಡೂ ಮಂದ. ಸಮುದ್ರಕ್ಕೆ ಸ್ವಲ್ಪ ಜಡತ್ವ ಇರುವುದರಿಂದ ಅತಿ ದೊಡ್ಡ ಇಳಿತ ಅಮಾವಾಸ್ಯೆಯ ದಿನವೇ ಬರಬೇಕೆಂದಿಲ್ಲ, ಒಂದೆರಡು ದಿನ ತಡವಾಗಿಯೂ ಬರುತ್ತದೆ. ಇಷ್ಟು ತಿಳಿದರೆ ವಾರವನ್ನು ಆರಿಸಬಹುದು. ಗಂಟೆಯನ್ನು ಆರಿಸಲು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಭರತ-ಇಳಿತದ ಕೋಷ್ಟಕ ಬೇಕು, ಅದರಲ್ಲಿ ಪೋರ್ಟ್ ಬ್ಲೇರ್ ಬಂದರಿನ ಲೆಕ್ಕ ಇರುತ್ತದೆ. ನೀಲ್ ಅಲ್ಲಿಂದ ಸುಮಾರು 37 ಕಿಲೋಮೀಟರ್ ಈಶಾನ್ಯಕ್ಕಿದೆ, ಆ ಲೆಕ್ಕವೇ ಸಾಕು. ಕೋಷ್ಟಕದಲ್ಲಿ ಹೊತ್ತಿನ ಪಕ್ಕ ಮೀಟರಿನಲ್ಲಿ ನೀರಿನ ಎತ್ತರ ಕೊಟ್ಟಿರುತ್ತಾರೆ. ಹೆಚ್ಚಿನವರು ಹೊತ್ತನ್ನಷ್ಟೇ ನೋಡಿ ಎತ್ತರವನ್ನು ಬಿಟ್ಟುಬಿಡುತ್ತಾರೆ. ನಾನು ಅರ್ಧ ಮೀಟರಿಗಿಂತ ಕೆಳಗಿಳಿಯುವ ದಿನಗಳನ್ನು ಮಾತ್ರ ಗುರುತು ಹಾಕಿಕೊಂಡೆ.

ಇನ್ನೊಂದು ವಿಷಯ ಬೆಳಕು. ಅಂಡಮಾನಿನ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ಈ ದ್ವೀಪಗಳಿರುವುದು 93ರ ಆಸುಪಾಸಿನಲ್ಲಿ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ನಾನು ಆರಿಸಿಕೊಂಡ ದಿನದ ಇಳಿತ ಮಧ್ಯಾಹ್ನ ಮೂರೂವರೆಯ ಆಸುಪಾಸಿನಲ್ಲಿತ್ತು. ಇಳಿತದ ತಳ ಮುಟ್ಟುವ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕೆಂದು ನಿರ್ಧರಿಸಿದೆ. ನೀರು ಸರಿಯುತ್ತಾ ಹೋದಂತೆ ಅದರ ಬೆನ್ನಿಗೇ ಇಳಿಯುವುದು ಒಳ್ಳೆಯದು, ವಾಪಸು ಬರುವಾಗ ನೀರು ಬೆನ್ನಟ್ಟುವುದಿಲ್ಲ.

ಇದಕ್ಕೆ ದ್ವೀಪದಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕು. ಹ್ಯಾವ್‌ಲಾಕ್‌ನಿಂದ ಪೋರ್ಟ್ ಬ್ಲೇರಿಗೆ ಮರಳುವ ದಾರಿಯಲ್ಲಿ ನೀಲ್ ದ್ವೀಪದಲ್ಲಿ ಕೆಲವು ಗಂಟೆ ಇಳಿಸಿ ಹತ್ತಿಸುವ ಪ್ಯಾಕೇಜುಗಳು ಬಹಳ ಇವೆ. ಅವು ಹಡಗಿನ ಹೊತ್ತಿಗೆ ಓಡುತ್ತವೆ, ಚಂದ್ರನ ಹೊತ್ತಿಗಲ್ಲ. ಅವುಗಳಲ್ಲಿ ಹೋದರೆ ಇಳಿತ ಸಿಗುವುದು ಅದೃಷ್ಟದ ಮಾತು. ಅಂದಹಾಗೆ, ಟಿಕೆಟ್ ಹುಡುಕುವಾಗ ಹೆಸರಿನ ಗೊಂದಲ ಎದುರಾಗುತ್ತದೆ: 2018ರ ಡಿಸೆಂಬರಿನಿಂದ ನೀಲ್‌ನ ಅಧಿಕೃತ ಹೆಸರು ಶಹೀದ್ ದ್ವೀಪ, ಹ್ಯಾವ್‌ಲಾಕ್‌ನದು ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರಿಗೂ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಹೆಚ್ಚು.

ದ್ವೀಪ ಚಿಕ್ಕದು, ಸಮತಟ್ಟು. ಸೈಕಲ್ಲೋ ಸ್ಕೂಟರೋ ಬಾಡಿಗೆಗೆ ಹಿಡಿದರೆ ಎಲ್ಲ ತೀರಗಳನ್ನೂ ಮುಟ್ಟಬಹುದು. ಸೀತಾಪುರ, ಭರತಪುರ, ರಾಮನಗರ, ಲಕ್ಷ್ಮಣಪುರ, ಹೀಗೆ ಹೆಚ್ಚಿನ ಊರುಗಳಿಗೆ ರಾಮಾಯಣದ ಹೆಸರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು 1960ರ ದಶಕದಲ್ಲಿ ಇಲ್ಲಿ ನೆಲೆಯಾದವು. ಈಗಲೂ ರಸ್ತೆಯ ಎರಡೂ ಬದಿಗೆ ತರಕಾರಿ ತೋಟಗಳು. ಕಲ್ಲಿನ ಕಮಾನಿಗೆ ಹೌರಾ ಬ್ರಿಡ್ಜ್ ಎಂದು ಹೆಸರಿಟ್ಟವರೂ ಇವರೇ. ಮಾರ್ಗದರ್ಶಿಗಳು ಅದೇ ಹೆಸರು ಹೇಳುತ್ತಾರೆ.

ಲಕ್ಷ್ಮಣಪುರದ ಹೆಸರಿನಲ್ಲಿ ಎರಡು ತೀರಗಳಿವೆ. ಸೂರ್ಯಾಸ್ತಕ್ಕೆ ಹೆಸರಾದದ್ದು ಒಂದು, ಕಮಾನಿರುವುದು ಎರಡನೆಯದರಲ್ಲಿ. ಬಾಡಿಗೆ ಗಾಡಿಯವರಿಗೆ ಬರೀ ಲಕ್ಷ್ಮಣಪುರ ಎಂದರೆ ಮೊದಲನೆಯದಕ್ಕೆ ಕರೆದೊಯ್ಯಬಹುದು. ಎರಡನೆಯದರಲ್ಲಿ ಗಾಡಿ ನಿಲ್ಲಿಸಿ ತೀರಕ್ಕೆ ಇಳಿದ ಮೇಲೆ ಮರಳು ಬೇಗ ಮುಗಿದು ಕಲ್ಲು ಶುರುವಾಗುತ್ತದೆ. ಇದು ಸತ್ತ ಹವಳದ ಹಾಸು: ಒಂದು ಕಡೆ ಗರಗಸದಂತೆ ಚೂಪು, ಪಕ್ಕದಲ್ಲೇ ಪಾಚಿ ಹತ್ತಿ ಜಾರುವ ಜಾಗ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರು ಕೈಯಲ್ಲಿ ಚಪ್ಪಲಿ, ಮುಖದಲ್ಲಿ ಸಂಕಟ ಹಿಡಿದು ನಿಂತಿದ್ದರು. ಹಿಮ್ಮಡಿಗೆ ಪಟ್ಟಿ ಇರುವ, ದಪ್ಪ ರಬ್ಬರ್ ತಳದ ಸ್ಯಾಂಡಲ್ ಇದ್ದರೆ ಧೈರ್ಯವಾಗಿ ನಡೆಯಬಹುದು. ಎರಡೂ ಕೈ ಖಾಲಿ ಇರಲಿ, ಫೋನ್ ಜೇಬಿನಲ್ಲಿರಲಿ.

ಕಮಾನು ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಮೇಲೆ ಹಸಿರು ಗಿಡಗಳು, ಕಲ್ಲಿನ ಬಿರುಕುಗಳಿಂದ ಇಳಿಬಿದ್ದ ಬೇರುಗಳು, ಕೆಳಗೆ ದೊಡ್ಡ ಕಂಡಿ. ನಾನು ಹೆಚ್ಚು ಹೊತ್ತು ನಿಂತದ್ದು ಅದರ ಬುಡದಲ್ಲಿ. ನೀರು ದಿನವೂ ಏರಿಳಿಯುವ ಮಟ್ಟದಲ್ಲಿ ಕಲ್ಲು ಒಳಕ್ಕೆ ಸವೆದು ಕೊರಕಲಾಗಿರುತ್ತದೆ. ಇದು ಹವಳದ ಸುಣ್ಣಕಲ್ಲು. ಅಲೆ ಬಡಿಯುವುದು ಕೆಲಸದ ಒಂದು ಪಾಲು ಮಾತ್ರ. ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಸಣ್ಣ ಮೃದ್ವಂಗಿಗಳು ಪಾಚಿಯ ಜೊತೆಗೆ ಕಲ್ಲಿನ ಪುಡಿಯನ್ನೂ ಕೆರೆಯುತ್ತವೆ, ಕೆಲವು ಚಿಪ್ಪುಜೀವಿಗಳು ಸುಣ್ಣಕಲ್ಲನ್ನೇ ಕೊರೆದು ಒಳಗೆ ಮನೆ ಮಾಡುತ್ತವೆ. ಮೇಲಿನಿಂದ ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿ ಬಂದು ಕಲ್ಲನ್ನು ಕರಗಿಸುತ್ತದೆ. ಮೆತ್ತಗಿನ ಭಾಗ ಹೀಗೆ ಸವೆದು ಎರಡೂ ಬದಿಯ ಗುಹೆಗಳು ಕೂಡಿಕೊಂಡರೆ ಗಟ್ಟಿಯಾದ ಮಾಳಿಗೆ ಕಮಾನಾಗಿ ಉಳಿಯುತ್ತದೆ.

ನೀರಿನಡಿ ಬೆಳೆದ ಹವಳ ತಲೆಯ ಮೇಲೆ ಬಂದದ್ದು ಹೇಗೆ? ಭಾರತವನ್ನು ಹೊತ್ತ ಭೂಫಲಕ, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡು, ಪೂರ್ವಕ್ಕೆ ಒತ್ತಿ ಪಕ್ಕದ ಫಲಕದ ಕೆಳಗೆ ನುಸುಳುವ ಅಂಚಿನಲ್ಲೇ ಈ ದ್ವೀಪಸಾಲು ಕೂತಿದೆ, ಇಲ್ಲಿ ನೆಲ ಏಳುವುದೂ ಬೀಳುವುದೂ ಹಳೆಯ ಕಥೆಯಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್ ಸುತ್ತಲಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು. ಅದೇ ದಿನ ಉತ್ತರ ಅಂಡಮಾನಿನ ಪಶ್ಚಿಮ ತೀರ ಮೇಲೆದ್ದು, ಜೀವಂತ ಹವಳ ನೀರಿನಿಂದ ಹೊರಬಿದ್ದು ಒಣಗಿ ಸತ್ತಿತು.

ಕಮಾನಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಕೆಲವರು ದಾರಿ ಹುಡುಕುತ್ತಿದ್ದರು. ಕಮಾನು ಬೀಳುವುದು ಯಾವತ್ತೋ ಒಂದು ದಿನ ಎನ್ನುವುದು ನಿಜವೇ, ಆದರೆ ಆ ದಿನ ಹೇಳಿ ಬರುವುದಿಲ್ಲ. ಕೆರಿಬಿಯನ್ನಿನ ಅರೂಬಾ ದ್ವೀಪದಲ್ಲಿ ಇದೇ ಜಾತಿಯ, ಇದಕ್ಕಿಂತ ಬಹಳ ಹೆಸರುವಾಸಿಯಾದ ಹವಳದ ಸುಣ್ಣಕಲ್ಲಿನ ಸೇತುವೆ 2005ರ ಸೆಪ್ಟೆಂಬರಿನಲ್ಲಿ ಕುಸಿಯಿತು. ಮಾಲ್ಟಾದ ಗೋಜೊ ದ್ವೀಪದ ಅಜೂರ್ ವಿಂಡೋ ಎಂಬ ಕಲ್ಲಿನ ಕಮಾನು 2017ರ ಮಾರ್ಚಿನ ಬಿರುಗಾಳಿಗೆ ಕಡಲು ಸೇರಿತು. ನಾನು ಕಮಾನಿನ ನೇರ ಕೆಳಗೆ ದಾಟಿ ಹೋದೆನೇ ಹೊರತು ಅಲ್ಲಿ ಕೂರಲಿಲ್ಲ.

ನಿಜ ಹೇಳಬೇಕೆಂದರೆ ಕಮಾನಿಗಿಂತ ಅದರ ಸುತ್ತಲಿನ ನೆಲವೇ ನನ್ನ ಹೆಚ್ಚಿನ ಹೊತ್ತು ತಿಂದಿತು. ಇಳಿದ ನೀರು ಕಲ್ಲಿನ ಗುಂಡಿಗಳಲ್ಲಿ ಅಲ್ಲಲ್ಲಿ ಉಳಿದಿತ್ತು, ಒಂದೊಂದು ಗುಂಡಿಯೂ ಒಂದೊಂದು ಸಂಸಾರ. ಕಪ್ಪು ಸಮುದ್ರಸೌತೆಗಳು ಮರಳು ನುಂಗುತ್ತಾ ಬಿದ್ದುಕೊಂಡಿದ್ದವು. ಬಂಡೆಯ ಸಂದಿಯಿಂದ ತೆಳು ತೋಳುಗಳನ್ನು ಚಾಚಿ ನಕ್ಷತ್ರಜೀವಿಗಳು ಆಹಾರ ಹುಡುಕುತ್ತಿದ್ದವು. ಹವಳದಲ್ಲಿ ಹೂತುಕೊಂಡ ದೈತ್ಯಚಿಪ್ಪಿನ ನೀಲಿ-ಹಸಿರು ತುಟಿ ನೆರಳು ಬಿದ್ದರೆ ಸಾಕು, ಮುದುಡಿಕೊಳ್ಳುತ್ತಿತ್ತು. ಒಂದೇ ಕಡೆ ಸುಮ್ಮನೆ ಕುಕ್ಕರಗಾಲಿನಲ್ಲಿ ಕೂತರೆ ಐದು ನಿಮಿಷದಲ್ಲಿ ಏನೂ ಇಲ್ಲದಂತಿದ್ದ ನೀರು ಓಡಾಡತೊಡಗುತ್ತದೆ. ಚಿಪ್ಪೆಂದುಕೊಂಡದ್ದು ಕಾಲು ತೆಗೆದು ನಡೆಯುತ್ತದೆ, ಸನ್ಯಾಸಿ ಏಡಿ.

ಇಲ್ಲಿ ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಳ್ಳುವುದು ದುಡ್ಡಿಗೆ ಮೋಸವಿಲ್ಲದ ಕೆಲಸ. ನಾವು ಹತ್ತು ಸಲ ದಾಟಿ ಹೋದ ಸಂದಿಯಲ್ಲಿ ಹಾವುಮೀನಿನ ತಲೆಯನ್ನು ಅವರು ತೋರಿಸುತ್ತಾರೆ. ಆದರೆ ಹೊರಡುವ ಮೊದಲೇ ಒಂದು ಮಾತು ಹೇಳಿಬಿಟ್ಟೆ: ತೋರಿಸಿದರೆ ಸಾಕು, ಎತ್ತಿ ಕೈಗೆ ಕೊಡುವುದು ಬೇಡ. ಪಕ್ಕದ ಗುಂಪಿನಲ್ಲಿ ಸಮುದ್ರಸೌತೆ ಕೈಯಿಂದ ಕೈಗೆ ಹೋಗುತ್ತಿತ್ತು. ಕಾಡಿನ ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ, ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸಮುದ್ರಸೌತೆಗಳೂ ಹವಳಗಳೂ ಸೇರಿವೆ. ತೀರದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಹೊತ್ತು ತರುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಖಾಲಿ ಚಿಪ್ಪು ಮುಂದೆ ಯಾವುದೋ ಸನ್ಯಾಸಿ ಏಡಿಯ ಮನೆ, ಅದನ್ನೂ ಬಿಟ್ಟು ಬಂದೆ.

ಮೂರೂವರೆ ದಾಟಿದ ಮೇಲೆ ನೀರಿನ ತಿರುವು ಕಣ್ಣಿಗೆ ಬೇಗ ಬೀಳುವುದಿಲ್ಲ. ಹತ್ತಿರದ ಕಲ್ಲೊಂದನ್ನು ಗುರುತಿಟ್ಟುಕೊಂಡಿದ್ದೆ, ಅದರ ಬುಡ ಒದ್ದೆಯಾದ ಕೂಡಲೇ ಹೊರಟೆ. ಭರತ ಮೊದಲ ಗಂಟೆಯಲ್ಲಿ ನಿಧಾನ, ನಡುವಿನ ಗಂಟೆಗಳಲ್ಲಿ ಬಲು ಜೋರು. ಜೊತೆಗೆ ಐದಕ್ಕೆ ಕತ್ತಲು. ಒದ್ದೆ ಹವಳದ ಮೇಲೆ ಟಾರ್ಚ್ ಹಿಡಿದು ನಡೆಯುವ ಸಾಹಸ ಯಾರಿಗೂ ಬೇಡ.

ರಜೆಯ ದಿನಾಂಕ ಬದಲಿಸಲಾಗದೆ ಅಷ್ಟಮಿಯ ಆಸುಪಾಸಿನಲ್ಲೇ ಹೋಗಬೇಕಾದವರೂ ಕೋಷ್ಟಕ ನೋಡಿ ಆ ದಿನದ ಎರಡು ಇಳಿತಗಳಲ್ಲಿ ಹಗಲಿನದನ್ನು ಹಿಡಿಯಿರಿ. ಕಮಾನು ಕಾಣುತ್ತದೆ, ಆದರೆ ಗುಂಡಿಗಳೆಲ್ಲ ತೆರೆದುಕೊಳ್ಳುವುದಿಲ್ಲ. ಹಾಗಾದಾಗ ಕಲ್ಲಿನ ಮೇಲೆ ಹೆಣಗಾಡುವುದಕ್ಕಿಂತ ಭರತಪುರದ ತೀರದಲ್ಲಿ ಗಾಜಿನ ತಳದ ದೋಣಿ ಹತ್ತಿದರೆ ಹವಳವನ್ನು ಒಣಗಾಲಲ್ಲೇ ನೋಡಬಹುದು.